ಹತ್ತು ಎಕರೆ, ಆರುನೂರು ಡಾಲರ್: ‘ಆಫ್ ಮೈಸ್ ಅಂಡ್ ಮೆನ್’ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಾನ್ ಸ್ಟೈನ್‌ಬೆಕ್ ಅವರ ಈ ಪುಟ್ಟ ಪುಸ್ತಕವನ್ನು ಪರೀಕ್ಷೆಗೆಂದು ಓದುವವರು, ಪಾಠ ಮಾಡುವವರು, ರಂಗಕ್ಕೆ ತರಲು ಹೊರಟವರು ಕೇಳುವ ಪ್ರಶ್ನೆಗಳು ಇವು. ಯಾವ ಉತ್ತರವನ್ನು ಮೊದಲು ಓದಿದರೂ ಅಡ್ಡಿಯಿಲ್ಲ. ಕಥೆಯ ಕೊನೆಯನ್ನು ಮುಚ್ಚಿಟ್ಟಿಲ್ಲ, ಇನ್ನೂ ಓದದವರು ಪುಸ್ತಕ ಮುಗಿಸಿ ಬನ್ನಿ.

## ಓದು ಶುರುಮಾಡುವವರಿಗೆ

ಇದು ಕಾದಂಬರಿನಾ, ನಾಟಕಾನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡೂ ಹೌದು. ಇಂಗ್ಲಿಷಿನಲ್ಲಿ ಸುಮಾರು 30,000 ಪದಗಳ ಕಿರುಕಾದಂಬರಿ, 1937ರಲ್ಲಿ ಪ್ರಕಟವಾಯಿತು. ಬರೆಯುವಾಗಲೇ ರಂಗವನ್ನು ಮನಸ್ಸಿನಲ್ಲಿಟ್ಟುಕೊಂಡದ್ದರಿಂದ ಆರು ಅಧ್ಯಾಯಗಳೂ ಆರು ದೃಶ್ಯಗಳಂತಿವೆ: ನದೀತೀರ, ಬಂಕ್‌ಹೌಸ್ (ಆಳುಗಳು ಮಲಗುವ ಕಟ್ಟಡ), ಮತ್ತೆ ಬಂಕ್‌ಹೌಸ್, ಲಾಯದಾಳಿನ ಕೋಣೆ, ಹುಲ್ಲಿನ ಕೊಟ್ಟಿಗೆ, ಕೊನೆಗೆ ಅದೇ ನದೀತೀರ. ಪ್ರತಿ ಅಧ್ಯಾಯವೂ ಜಾಗದ ವರ್ಣನೆಯಿಂದ ತೊಡಗುತ್ತದೆ, ಆಮೇಲೆ ಹೆಚ್ಚಿನದೆಲ್ಲ ಮಾತು. ಅದೇ ವರ್ಷ ನವೆಂಬರ್ 23ರಂದು ನ್ಯೂಯಾರ್ಕಿನ ಮ್ಯೂಸಿಕ್ ಬಾಕ್ಸ್ ಥಿಯೇಟರಿನಲ್ಲಿ ನಾಟಕ ಶುರುವಾಯಿತು. ನಿರ್ದೇಶಕರು ಜಾರ್ಜ್ ಎಸ್. ಕಾಫ್‌ಮನ್. ಒಟ್ಟು 207 ಪ್ರದರ್ಶನಗಳಾದವು.

ಕಥೆ ಎಲ್ಲಿ, ಎಷ್ಟು ದಿನ ನಡೆಯುತ್ತದೆ?

ಕ್ಯಾಲಿಫೋರ್ನಿಯದ ಸಲೀನಸ್ ಕಣಿವೆಯಲ್ಲಿ, ಸೊಲೆಡಾಡ್ ಊರಿನ ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಒಂದು ರಾಂಚಿನಲ್ಲಿ. ಗುರುವಾರ ಸಂಜೆ ಶುರು, ಭಾನುವಾರ ಸಂಜೆ ಮುಕ್ತಾಯ. ಸ್ಟೈನ್‌ಬೆಕ್ 1902ರಲ್ಲಿ ಹುಟ್ಟಿದ್ದು ಸಲೀನಸ್‌ನಲ್ಲೇ. ಹುಡುಗನಾಗಿದ್ದಾಗ ಅಲ್ಲಿನ ಸ್ಪ್ರೆಕಲ್ಸ್ ಸಕ್ಕರೆ ಕಂಪನಿಯ ಹೊಲಗಳಲ್ಲಿ ದುಡಿದವರು. ಹಾಗಾಗಿ ಬಂಕ್‌ಹೌಸಿನ ಮಾತು, ಬೆವರು, ಬೈಗುಳ ಯಾವುದೂ ದೂರ ನಿಂತು ನೋಡಿ ಬರೆದದ್ದಲ್ಲ.

ರಾಂಚ್ ಅಂದ್ರೆ ಕೌಬಾಯ್‌ಗಳು ದನ ಕಾಯೋ ಜಾಗ ಅಲ್ವಾ? ಇಲ್ಲಿ ದನವೇ ಕಾಣಿಸಲ್ಲವಲ್ಲ?

ಸಿನಿಮಾದಿಂದ ಬಂದ ಗೊಂದಲ ಇದು. ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಹೊಲಮನೆಗೆಲ್ಲ ರಾಂಚ್ ಎನ್ನುತ್ತಾರೆ, ತೋಟವೂ ರಾಂಚೇ, ಕೋಳಿ ಸಾಕುವ ಜಾಗವೂ ರಾಂಚೇ. ಈ ಕಥೆಯದ್ದು ಬಾರ್ಲಿ ಬೆಳೆಯುವ ರಾಂಚ್. ಕಥೆಯ ಕೇಂದ್ರದಲ್ಲಿರುವ ಅಲೆಮಾರಿ ಕೂಲಿಗಳಾದ ಜಾರ್ಜ್ ಮತ್ತು ಲೆನ್ನಿಯ ಕೆಲಸ ತುಂಬಿದ ಮೂಟೆ ಎತ್ತಿ ಗಾಡಿಗೆ ಹೇರುವುದು. ಇಲ್ಲಿನ ಪ್ರಾಣಿಗಳು ಹೆಚ್ಚಾಗಿ ಗಾಡಿ ಎಳೆಯುವ ಹೇಸರಗತ್ತೆ, ಕುದುರೆಗಳು. ಒಂದೇ ಹಗ್ಗದಲ್ಲಿ ಇಪ್ಪತ್ತು ಹೇಸರಗತ್ತೆಗಳನ್ನು ನಡೆಸಬಲ್ಲ ಸ್ಲಿಮ್‌ಗೆ ಅಲ್ಲಿ ಧಣಿಗಿಂತ ಹೆಚ್ಚಿನ ಗೌರವ ಸಿಗುವುದು ಈ ಕಸುಬಿನ ಬಲದಿಂದಲೇ.

‘ದಿ ಗ್ರೇಪ್ಸ್ ಆಫ್ ರಾತ್’ ಓದಿದ್ದೇನೆ. ಇದೂ ಅದೇ ವಲಸೆಯ ಕಥೆಯೇ?

ಅಲ್ಲ. 1939ರ ಆ ಕಾದಂಬರಿಯಲ್ಲಿ ಬರಗಾಲ, ಸಾಲ, ಟ್ರ್ಯಾಕ್ಟರುಗಳಿಂದ ನೆಲ ಕಳೆದುಕೊಂಡು ಒಕ್ಲಹೋಮದಿಂದ ಇಡೀ ಸಂಸಾರಗಳು ಹಳೆಯ ಲಾರಿ, ಕಾರುಗಳಲ್ಲಿ ಸಾಮಾನು ಹೇರಿಕೊಂಡು ಬರುತ್ತವೆ. ‘ಆಫ್ ಮೈಸ್ ಅಂಡ್ ಮೆನ್’ ಅದಕ್ಕಿಂತ ಹಳೆಯ, ಆಗಲೇ ಮುಗಿಯುತ್ತ ಬಂದಿದ್ದ ಲೋಕವೊಂದರ ಕಥೆ. ಅಲ್ಲಿ ಮದುವೆಯಿಲ್ಲದ ಗಂಡಸರು ಕಂಬಳಿ ಸುರುಳಿ ಬೆನ್ನಿಗೇರಿಸಿಕೊಂಡು ಸುಗ್ಗಿಯಿಂದ ಸುಗ್ಗಿಗೆ ಒಂಟಿಯಾಗಿ ಅಲೆಯುತ್ತಿದ್ದರು. ಕಟಾವು ಯಂತ್ರಗಳು ಬಂದ ಹಾಗೆ ಧಾನ್ಯದ ಹೊಲಗಳಿಗೆ ಇಂಥ ಆಳುಗಳ ದಂಡು ಬೇಕಿಲ್ಲವಾಯಿತು. ನಮ್ಮಲ್ಲಿ ಸಂಸಾರ ಸಮೇತ ಗುಳೆ ಹೋಗುವುದನ್ನು ಕಂಡವರಿಗೆ ‘ಗ್ರೇಪ್ಸ್’ ಬೇಗ ಹತ್ತಿರವಾಗುತ್ತದೆ. ಈ ಪುಸ್ತಕದ ಒಂಟಿ ಗಂಡಸರ ಲೋಕಕ್ಕೆ ಒಗ್ಗಲು ಒಂದೆರಡು ಅಧ್ಯಾಯ ಬೇಕಾಗಬಹುದು.

## ಕೂಲಿ, ಮಂಚ, ಸಂಬಳದ ದಿನ

ಇವರಿಗೆ ಕೆಲಸ ಸಿಗುತ್ತಿದ್ದದ್ದು ಹೇಗೆ? ಸಂಬಳ ಎಷ್ಟು?

ಸ್ಯಾನ್ ಫ್ರಾನ್ಸಿಸ್ಕೊದ ಹೊವರ್ಡ್ ಸ್ಟ್ರೀಟಿನ ಕೆಲಸ ಕೊಡಿಸುವ ಏಜೆನ್ಸಿಯೊಂದರ ಕರಿಹಲಗೆ ನೋಡುತ್ತ ಇಬ್ಬರೂ ಬೀದಿಬದಿಯಲ್ಲಿ ಕೂತಿದ್ದರೆಂದು ಕಥೆ ಹೇಳುತ್ತದೆ. ಏಜೆನ್ಸಿ ಕೆಲಸದ ಚೀಟಿ ಮತ್ತು ಬಸ್ ಟಿಕೆಟ್ ಕೊಡುತ್ತದೆ. ರಾಂಚಿನಲ್ಲಿ ತಿಂಗಳಿಗೆ 50 ಡಾಲರ್, ಜೊತೆಗೆ ಊಟ ಮತ್ತು ಮಂಚ. ದುಡಿಮೆ ದಿನಕ್ಕೆ ಹನ್ನೊಂದು ಗಂಟೆ. ದುಡ್ಡು ಕೈಗೆ ಬರುವುದು ತಿಂಗಳ ಕೊನೆಗೆ. ನಡುವೆ ಜಗಳವಾಡಿಯೋ ಓಡಿಹೋಗಿಯೋ ಕೆಲಸ ಬಿಟ್ಟರೆ ಮತ್ತೆ ಏಜೆನ್ಸಿಯ ಬಾಗಿಲು. ಇವರಿಬ್ಬರೂ ಉತ್ತರದ ವೀಡ್ ಊರಿನಿಂದ ಓಡಿಬಂದವರು. ರಾಂಚಿಗೆ ಕಾಲಿಡುವಾಗ ಇಬ್ಬರ ಬಳಿ ಸೇರಿ ಇದ್ದದ್ದು ಹತ್ತು ಡಾಲರ್.

ಬಂಕ್‌ಹೌಸಿನ ವರ್ಣನೆ ಯಾಕಿಷ್ಟು ಉದ್ದ? ಪರೀಕ್ಷೆಗೆ ಮುಖ್ಯವಾ?

ಮುಖ್ಯ. ಸುಣ್ಣ ಬಳಿದ ಗೋಡೆ, ಬಣ್ಣ ಕಾಣದ ಹಲಗೆ ನೆಲ, ಎಂಟು ಮಂಚ. ಐದರ ಮೇಲೆ ಕಂಬಳಿ, ಉಳಿದ ಮೂರರಲ್ಲಿ ಬರಿಯ ಗೋಣಿತಟ್ಟಿನ ಹಾಸಿಗೆ. ಪ್ರತಿ ಮಂಚದ ಮೇಲೂ ಗೋಡೆಗೆ ಹೊಡೆದ ಸೇಬಿನ ಪೆಟ್ಟಿಗೆ, ಅದರಲ್ಲಿ ಎರಡು ಅರೆ. ಸೋಪು, ಪೌಡರು, ರೇಜರು, ಔಷಧಿ, ಬಾಚಣಿಗೆ, ಕೌಬಾಯ್ ಕಥೆಗಳ ಪತ್ರಿಕೆ: ಒಬ್ಬ ಮನುಷ್ಯನ ಆಸ್ತಿಯೆಲ್ಲ ಅಷ್ಟರಲ್ಲೇ ಹಿಡಿಯಬೇಕು. ತನಗೆ ಕೊಟ್ಟ ಮಂಚದ ಪೆಟ್ಟಿಗೆಯಲ್ಲಿ ಹೇನು, ಜಿರಲೆ ಕೊಲ್ಲುವ ಹಳದಿ ಡಬ್ಬಿ ಕಂಡ ಜಾರ್ಜ್ ಕೋಪದಿಂದ ವಿಚಾರಿಸುತ್ತಾನೆ. ಹಿಂದೆ ಮಲಗಿದ್ದವನು ಬಿಟ್ಟುಹೋದದ್ದು ಅದೊಂದೇ.

ಉತ್ತರ ಬರೆಯುವಾಗ ‘ಬಂಕ್‌ಹೌಸ್ ಬಡತನದ ಸಂಕೇತ’ ಎಂದು ನಿಲ್ಲಿಸಿದರೆ ಅರ್ಧ ಅಂಕ. ಯಾರೂ ನೆಲೆ ನಿಲ್ಲಬಾರದು, ಯಾರು ಬಿಟ್ಟರೂ ಮರುದಿನ ಇನ್ನೊಬ್ಬ ಬಂದು ಅದೇ ಮಂಚಕ್ಕೆ ಸೇರಿಕೊಳ್ಳಬೇಕು, ಕಟ್ಟಡ ಇರುವುದೇ ಹಾಗೆ ಎಂಬುದನ್ನು ಬರೆಯಿರಿ.

ಇಬ್ಬರು ಜೊತೆಯಾಗಿ ಬಂದರೆ ಧಣಿಗೆ ಯಾಕೆ ಅನುಮಾನ?

ಲೆನ್ನಿಯ ಸಂಬಳವನ್ನು ಜಾರ್ಜ್ ನುಂಗುತ್ತಿದ್ದಾನೆಂದು ಅವನ ಲೆಕ್ಕಾಚಾರ. ಒಬ್ಬನಿಗಾಗಿ ಇನ್ನೊಬ್ಬ ಇಷ್ಟು ಮಾತಾಡುವುದನ್ನು ಅವನು ಕಂಡೇ ಇಲ್ಲ. ಲೆನ್ನಿ ತನ್ನ ಚಿಕ್ಕಪ್ಪ-ದೊಡ್ಡಪ್ಪನ ಮಗ, ಚಿಕ್ಕಂದಿನಲ್ಲಿ ಕುದುರೆ ಒದ್ದಿತ್ತು ಎಂದು ಜಾರ್ಜ್ ಸುಳ್ಳು ಹೇಳಬೇಕಾಗುತ್ತದೆ. ಸ್ಲಿಮ್‌ಗೂ ಇದು ಸೋಜಿಗ, ಆದರೆ ಅವನ ದನಿಯಲ್ಲಿ ಮೆಚ್ಚುಗೆಯಿದೆ. ಕಾದಂಬರಿಯ ಒಂಟಿತನ ಪಾತ್ರಗಳ ಸ್ವಭಾವದಿಂದ ಹುಟ್ಟಿದ್ದಲ್ಲ ಎನ್ನಲು ಈ ಎರಡನೆಯ ಅಧ್ಯಾಯದ ವಿಚಾರಣೆಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಗೆಳೆತನಕ್ಕೆ ಸಬೂಬು ಕೊಡಬೇಕಾದ ಜಾಗ ಅದು.

ದುಡ್ಡು ಕೂಡಿಟ್ಟು ಬಿಡಬಹುದಿತ್ತಲ್ಲ? ತಪ್ಪು ಅವರದ್ದೇ ಅಲ್ವಾ?

ಲೆಕ್ಕ ಹಾಕಿದರೆ ಹೌದೆನಿಸುತ್ತದೆ. ಒಂದು ಕಾಸೂ ಖರ್ಚು ಮಾಡದೆ ಇಬ್ಬರೂ ಆರು ತಿಂಗಳು ದುಡಿದರೆ 600 ಡಾಲರ್. ಆದರೆ ಆ ಆರು ತಿಂಗಳು ಒಂದೇ ಕಡೆ ಸಿಗುವುದಿಲ್ಲ. ಸುಗ್ಗಿ ಮುಗಿದರೆ ಕೆಲಸ ಮುಗಿಯಿತು, ಮುಂದಿನ ಕೆಲಸದವರೆಗೆ ಕೈಯಲ್ಲಿದ್ದದ್ದೇ ಕೂಳು. ಇನ್ನು ಸಂಬಳ ಸಿಕ್ಕ ಶನಿವಾರ ಹೋಗಲು ಇರುವುದು ಸೂಸಿಯ ಸೂಳೆಮನೆ. ಎರಡೂವರೆ ಡಾಲರ್ ಅಂದರೆ ತಿಂಗಳ ಸಂಬಳದಲ್ಲಿ ಇಪ್ಪತ್ತನೆಯ ಒಂದು ಪಾಲು. ಜೊತೆಗೆ ಇಸ್ಪೀಟು, ವಿಸ್ಕಿ. ಮನೆಯಿಲ್ಲದವನ ಸಂಜೆಗೆ ಬೇರೆ ಗತಿಯಿಲ್ಲ, ಆ ಸಂಜೆಯ ಖರ್ಚಿನಿಂದ ಮನೆ ಕಟ್ಟಲಾಗುವುದಿಲ್ಲ.

ಇನ್ನೊಂದು ಕಾರಣ ಕಥೆಯ ಹೊರಗಿದೆ. 1935ರ ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆಯೂ, ಸಂಘ ಕಟ್ಟುವ ಹಕ್ಕು ಕೊಟ್ಟ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯೂ ಹೊಲದ ಕೂಲಿಗಳನ್ನು ಹೊರಗಿಟ್ಟವು. ರಾಂಚಿನಲ್ಲಿ ಕಸ ಗುಡಿಸುವ ಮುದುಕ ಕ್ಯಾಂಡಿ, ಇಂದಲ್ಲ ನಾಳೆ ತನ್ನನ್ನು ಓಡಿಸುತ್ತಾರೆ ಎಂದು ಹೆದರುವುದು ಸುಮ್ಮನೆ ಗೊಣಗಾಟವಲ್ಲ.

## ಕನಸಿನ ಲೆಕ್ಕ

ಅವರ ಕನಸಿನ ತೋಟ ನಿಜವಾಗಿ ಇತ್ತಾ? ಅಥವಾ ಲೆನ್ನಿಯನ್ನು ಸುಮ್ಮನಿರಿಸಲು ಜಾರ್ಜ್ ಹೇಳುವ ಕಥೆಯಾ?

ಮೊದಲ ಅಧ್ಯಾಯದಲ್ಲಿ ಅದು ಕಥೆ. ಲೆನ್ನಿಗೆ ಬಾಯಿಪಾಠವಾಗಿದೆ, ಆದರೂ ಜಾರ್ಜನ ಬಾಯಿಂದಲೇ ಕೇಳಬೇಕು, ಕೊನೆಗೆ ಮೊಲದ ವಿಷಯ ಬಂದೇ ಬರಬೇಕು. ಮೂರನೆಯ ಅಧ್ಯಾಯದಲ್ಲಿ ಅದಕ್ಕೆ ಅಳತೆ, ಬೆಲೆ ಬರುತ್ತವೆ. ಹತ್ತು ಎಕರೆ. ಪುಟ್ಟ ಗಾಳಿಯಂತ್ರ, ಸಣ್ಣ ಮನೆ, ಕೋಳಿಗೂಡು, ಚೆರ್ರಿ, ಸೇಬು, ಪೀಚ್, ಏಪ್ರಿಕಾಟ್ ಮರಗಳು. ಕುದುರೆಮಸಾಲೆ ಬೆಳೆದ ತುಂಡು ನೆಲ, ಅದಕ್ಕೆ ಹಾಯಿಸಲು ಬೇಕಾದಷ್ಟು ನೀರು. ನದಿಗೆ ಸಾಲ್ಮನ್ ಮೀನು ಹತ್ತುವ ಕಾಲದಲ್ಲಿ ನೂರು ಹಿಡಿದು ಉಪ್ಪು ಹಾಕುವ, ಹೊಗೆ ಕೊಡುವ ಯೋಜನೆಯೂ ಇದೆ. ಕ್ಯಾಂಡಿ ಬೆಲೆ ಕೇಳಿದಾಗ ಜಾರ್ಜ್ ಮೊದಲು ಅನುಮಾನಿಸಿ, ಆಮೇಲೆ 600 ಡಾಲರಿಗೆ ಸಿಗುತ್ತದೆ ಎನ್ನುತ್ತಾನೆ. ಅಂಥ ಜಾಗ ಅವನಿಗೆ ಗೊತ್ತಿದೆ.

ಕ್ಯಾಂಡಿ ಸೇರಿದ ಮೇಲೆ ಎಷ್ಟು ಹಣ ಕಡಿಮೆ ಬೀಳುತ್ತಿತ್ತು?

150 ಡಾಲರ್. ಇದೇ ರಾಂಚಿನಲ್ಲಿ ಕೈ ಕಳೆದುಕೊಂಡದ್ದಕ್ಕೆ ಕ್ಯಾಂಡಿಗೆ ಸಿಕ್ಕ ಪರಿಹಾರ 250, ಬ್ಯಾಂಕಿನಲ್ಲಿ 50, ತಿಂಗಳ ಕೊನೆಗೆ ಬರುವ 50, ಒಟ್ಟು 350. ಜಾರ್ಜ್-ಲೆನ್ನಿ ಒಂದು ತಿಂಗಳು ಬಿಗಿ ಹಿಡಿದರೆ 100. ಅಲ್ಲಿಗೆ 450. ಕ್ಯಾಂಡಿ, ಲೆನ್ನಿ ಇಬ್ಬರೂ ಮೊದಲು ಹೋಗಿ ತೋಟ ಶುರುಮಾಡುವುದು, ಜಾರ್ಜ್ ಹೊರಗೆ ದುಡಿದು ಉಳಿದದ್ದನ್ನು ತೀರಿಸುವುದು, ಇದು ಯೋಜನೆ. ಕನಸಿಗೆ ಬೇಕಾದ ದೊಡ್ಡ ಮೊತ್ತ ಒಂದು ಕೈಯ ಬೆಲೆಯಿಂದ ಬಂತು ಎಂಬುದನ್ನು ಗಮನಿಸದೆ ಮುಂದೆ ಹೋಗಬೇಡಿ.

ಹತ್ತು ಎಕರೆಯಲ್ಲಿ ಮೂವರು ಬದುಕಲು ಆಗುತ್ತಿತ್ತಾ?

ಮಾರಾಟಕ್ಕೆ ಬೆಳೆಯುವ ಆಸೆ ಅವರಿಗಿಲ್ಲ. ದಿನಕ್ಕೆ ಆರೇಳು ಗಂಟೆ ದುಡಿದು ತಾವು ಬೆಳೆದದ್ದನ್ನು ತಾವೇ ತಿನ್ನುವುದು ಗುರಿ. ನೀರಿದೆ, ಮರಗಳು ಆಗಲೇ ಫಲ ಕೊಡುತ್ತಿವೆ, ಹಾಗಾಗಿ ಹುಚ್ಚು ಯೋಜನೆಯೆಂದು ತಳ್ಳಿಹಾಕುವಂತಿಲ್ಲ. ಆದರೆ ಹೆಚ್ಚಿನ ಓದುಗರು ಗಮನಿಸದೆ ದಾಟುವ ಸಾಲೊಂದಿದೆ: ಆ ತೋಟದ ಈಗಿನ ಮಾಲೀಕರಾದ ಮುದುಕ-ಮುದುಕಿ ಪೂರ್ತಿ ದಿವಾಳಿಯಾಗಿದ್ದಾರೆ, ಮುದುಕಿಗೆ ಆಪರೇಷನ್ ಆಗಬೇಕು, ಬೆಲೆ ಇಳಿದದ್ದೇ ಅದಕ್ಕೆ. ಜಾರ್ಜ್ ಸ್ವರ್ಗವೆಂದು ಹೇಳುವ ಜಾಗ ಅಲ್ಲಿದ್ದವರನ್ನು ಕಾಯಲಿಲ್ಲ. ಒಂದು ಕಾಯಿಲೆ ಬಂದರೆ ಹತ್ತು ಎಕರೆಯೂ ಕೈಬಿಡುತ್ತದೆ. ಸ್ಟೈನ್‌ಬೆಕ್ ಇದರ ಮೇಲೆ ಬೆರಳಿಟ್ಟು ತೋರಿಸುವುದಿಲ್ಲ, ಬೆಲೆಯ ಮಾತಿನ ನಡುವೆ ಹೇಳಿ ದಾಟುತ್ತಾರೆ.

ಕೊನೆಯಲ್ಲಿ ಕ್ಯಾಂಡಿಯ ದುಡ್ಡು ಹಾಗೇ ಇತ್ತು. ಜಾರ್ಜ್, ಕ್ಯಾಂಡಿ ಇಬ್ಬರೇ ಆ ತೋಟ ಕೊಳ್ಳಬಹುದಿತ್ತಲ್ಲ?

ನಮ್ಮ ಮಟ್ಟಿಗೆ ಈ ಪುಸ್ತಕದ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದು. ಲೆನ್ನಿಯ ಕೈಯಲ್ಲಿ ಸತ್ತ, ಧಣಿಯ ಮಗ ಕರ್ಲಿಯ ಹೆಂಡತಿಯ ಹೆಣದ ಮುಂದೆ ಕೊಟ್ಟಿಗೆಯಲ್ಲಿ ನಿಂತು ಕ್ಯಾಂಡಿಯೂ ಇದನ್ನೇ ಕೇಳುತ್ತಾನೆ. ಜಾರ್ಜನ ಉತ್ತರ ಬಾಯಿಗೆ ಬರುವ ಮುಂಚೆಯೇ ಅವನಿಗೆ ತಿಳಿದುಹೋಗುತ್ತದೆ. ತಿಂಗಳು ದುಡಿದು 50 ಡಾಲರ್ ತೆಗೆದುಕೊಂಡು ಯಾವುದೋ ಸೂಳೆಮನೆಯಲ್ಲಿ ರಾತ್ರಿ ಕಳೆಯುತ್ತೇನೆ ಎನ್ನುತ್ತಾನೆ ಜಾರ್ಜ್.

ಹಣದ ದೃಷ್ಟಿಯಿಂದ ಯೋಜನೆಗೆ ಬಿದ್ದ ಪೆಟ್ಟು ಸಣ್ಣದು: ಲೆನ್ನಿಯ ಪಾಲಿನ 50 ಹೋಗಿದೆ, ಕೊರತೆ 200 ಆಗಿದೆ. ಜಾರ್ಜ್ ಒಬ್ಬನೇ ಇನ್ನೆರಡು ತಿಂಗಳು ಕೂಡಿಸಿದರೆ 100, ಮತ್ತೆರಡು ತಿಂಗಳಿಗೆ ಪೂರ್ತಿ. ಆದರೂ ಕನಸು ಆ ಕ್ಷಣವೇ ಸಾಯುತ್ತದೆ. ಅಂದರೆ ಕೊರತೆಯಾಗಿದ್ದದ್ದು ನೆಲವಲ್ಲ. ಕೇಳುವವನೊಬ್ಬ ಇದ್ದದ್ದರಿಂದ ಆ ತೋಟ ಇತ್ತು. ಲೆನ್ನಿ ಅಷ್ಟು ಇಷ್ಟಪಟ್ಟು ಕೇಳುತ್ತಿದ್ದನೆಂದು ತಾನೂ ನಂಬತೊಡಗಿದ್ದೆ ಎಂಬ ಅರ್ಥದ ಮಾತನ್ನು ಜಾರ್ಜ್ ಅಲ್ಲೇ ಹೇಳುತ್ತಾನೆ. ‘ಬಡತನ ಕನಸನ್ನು ಕೊಂದಿತು’ ಎಂದು ಬರೆಯುವ ಉತ್ತರಗಳು ಈ ಜಾಗದಲ್ಲಿ ಎಡವುತ್ತವೆ.

## ಒಬ್ಬೊಬ್ಬರ ಒಂಟಿತನ

ಲಾಯದ ಕರಿಯ ಆಳು ಕ್ರುಕ್ಸ್ ಮೊದಲು ಕನಸನ್ನು ಗೇಲಿ ಮಾಡಿ, ಆಮೇಲೆ ತಾನೂ ಬರುತ್ತೇನೆ ಅಂದು, ಮತ್ತೆ ಬೇಡ ಅನ್ನುವುದು ಯಾಕೆ?

ನಾಲ್ಕನೆಯ ಅಧ್ಯಾಯವನ್ನು ಮೂರು ಹಂತಗಳಾಗಿ ಓದಿ. ಮೊದಲು ಗೇಲಿ: ಇದೇ ನೆಲದಾಸೆ ತಲೆಯಲ್ಲಿಟ್ಟುಕೊಂಡ ನೂರಾರು ಜನರನ್ನು ನೋಡಿದ್ದೇನೆ, ಒಬ್ಬನಿಗೂ ಸಿಕ್ಕಿಲ್ಲ. ಆಮೇಲೆ ಕ್ಯಾಂಡಿ ಬಂದು ದುಡ್ಡು ಬ್ಯಾಂಕಿನಲ್ಲಿದೆ ಎಂದಾಗ ಅವನ ದನಿ ಬದಲಾಗುತ್ತದೆ. ಸಂಬಳವೇ ಬೇಡ, ಊಟ ಹಾಕಿದರೆ ಬಂದು ದುಡಿಯುತ್ತೇನೆ ಎನ್ನುತ್ತಾನೆ. ಕೊನೆಗೆ ಕರ್ಲಿಯ ಹೆಂಡತಿ ಮರಕ್ಕೆ ನೇತುಹಾಕಿಸುವ ಬೆದರಿಕೆ ಹಾಕಿದ ಮೇಲೆ, ತಮಾಷೆಗೆ ಹೇಳಿದ್ದೆ ಎಂದು ಹಿಂದೆ ಸರಿಯುತ್ತಾನೆ. ಕರಿಯನೊಬ್ಬನ ವಿರುದ್ಧ ಬಿಳಿಯ ಹೆಂಗಸಿನ ಒಂದು ಸುಳ್ಳು ಸಾಕಿದ್ದ ಕಾಲ, ಅವನಿಗೆ ಅದು ಚೆನ್ನಾಗಿ ಗೊತ್ತು.

ಅವನ ಬಾಲ್ಯದ ಮಾತನ್ನೂ ಗಮನಿಸಿ. ಅಪ್ಪನಿಗೆ ಕೋಳಿ ಸಾಕುವ ರಾಂಚ್ ಇತ್ತು, ಸುಮಾರು ಹತ್ತು ಎಕರೆ, ಬಿಳಿಯ ಮಕ್ಕಳು ಆಡಲು ಬರುತ್ತಿದ್ದರು. ಉಳಿದವರೆಲ್ಲ ಕನಸುವ ಹತ್ತು ಎಕರೆಯಲ್ಲಿ ನಿಜವಾಗಿ ಬದುಕಿದವನು ಇವನೊಬ್ಬನೇ.

ಕ್ರುಕ್ಸ್‌ಗೆ ಸ್ವಂತ ಕೋಣೆ ಇದೆ, ಉಳಿದವರಿಗಿಲ್ಲ. ಅವನ ಸ್ಥಿತಿ ಮೇಲಲ್ಲವೇ?

ವಸ್ತುಗಳ ಲೆಕ್ಕದಲ್ಲಿ ಹೌದು: ಕನ್ನಡಕ, ಅಲಾರಂ ಗಡಿಯಾರ, ಬಂದೂಕು, ಹರಿದ ನಿಘಂಟು, 1905ರ ಕ್ಯಾಲಿಫೋರ್ನಿಯ ನಾಗರಿಕ ಸಂಹಿತೆಯ ಪ್ರತಿ. ಬೆನ್ನು ಮುರಿದವನು, ಕಾಯಂ ಆಳು, ಸಾಮಾನು ಹರಡಿಕೊಳ್ಳಬಹುದು. ಆ ಕಾನೂನು ಪುಸ್ತಕ ಅವನ ಹಕ್ಕನ್ನು ಕಾಯುವುದಿಲ್ಲ ಎಂಬುದು ಅದೇ ಅಧ್ಯಾಯದ ಬೆದರಿಕೆಯಲ್ಲಿ ಗೊತ್ತಾಗುತ್ತದೆ. ಅಂಗಳದಲ್ಲಿ ಲಾಳ ಎಸೆಯುವ ಆಟಕ್ಕೆ ಅವನು ಬೇಕು, ಬಂಕ್‌ಹೌಸಿನ ಇಸ್ಪೀಟಿಗೆ ಬೇಡ.

ಕರ್ಲಿಯ ಹೆಂಡತಿಗೆ ಹೆಸರೇ ಇಲ್ಲ. ಲೇಖಕರಿಗೆ ಹೆಂಗಸರ ಬಗ್ಗೆ ತಾತ್ಸಾರವೇ?

ರಾಂಚಿನ ಗಂಡಸರಿಗೆ ಅವಳ ಹೆಸರು ಬೇಕಿಲ್ಲ, ಅವರ ಕಣ್ಣಿನಲ್ಲೇ ಪುಸ್ತಕ ಅವಳನ್ನು ತೋರಿಸುತ್ತದೆ, ಐದನೆಯ ಅಧ್ಯಾಯದವರೆಗೆ. ಅಲ್ಲಿ ಅವಳ ಕಥೆ ಹೊರಬೀಳುತ್ತದೆ: ಸಲೀನಸ್‌ಗೆ ಬಂದ ನಾಟಕದವನೊಬ್ಬ ಕರೆದದ್ದು, ಅಮ್ಮ ಬಿಡದೆ ಹೋದದ್ದು, ಸಿನಿಮಾದವನೊಬ್ಬ ಹಾಲಿವುಡ್‌ನಿಂದ ಬರೆಯುತ್ತೇನೆಂದ ಕಾಗದ ಬಾರದೆ ಹೋದದ್ದು. ಕಾಗದವನ್ನು ಅಮ್ಮನೇ ಕದ್ದಳೆಂದು ಅವಳ ನಂಬಿಕೆ. ಆ ಸಿಟ್ಟಿನಲ್ಲೇ ಕರ್ಲಿಯನ್ನು ಮದುವೆಯಾದಳು. ಹೇಳಿಕೊಳ್ಳಲು ಸಿಕ್ಕವನು ಲೆನ್ನಿ, ಅವನೋ ಮೊಲದ ಧ್ಯಾನದಲ್ಲಿದ್ದಾನೆ. ನ್ಯೂಯಾರ್ಕಿನ ಬ್ರಾಡ್ವೇ ರಂಗದಲ್ಲಿ ಈ ಪಾತ್ರ ಮಾಡಿದ ಕ್ಲೇರ್ ಲೂಸ್‌ಗೆ ಸ್ಟೈನ್‌ಬೆಕ್ 1938ರಲ್ಲಿ ಪತ್ರ ಬರೆದು ಅವಳನ್ನು ಸಹಾನುಭೂತಿಯಿಂದಲೇ ವಿವರಿಸಿದ್ದರು. ಆದರೂ ಹೆಸರಿಲ್ಲದಿರುವುದು ಚುಚ್ಚುತ್ತದೆ. ಅವಳು ಕ್ರುಕ್ಸ್‌ಗೆ ಮಾಡಿದ ಕ್ರೌರ್ಯವೂ ಅಷ್ಟೇ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡಬೇಡಿ.

ವಿಟ್ ಎಂಬ ಆಳು ಪತ್ರಿಕೆಯಲ್ಲಿ ಅಚ್ಚಾದ ಕಾಗದ ತೋರಿಸುವ ಆ ಸಣ್ಣ ಸನ್ನಿವೇಶ ಕಥೆಗೆ ಬೇಕಿತ್ತಾ?

ಬೇಕಿತ್ತು. ಹಿಂದೊಮ್ಮೆ ಇಲ್ಲಿ ದುಡಿದಿದ್ದ ಒಬ್ಬನ ಪತ್ರ ಓದುಗರ ಅಂಕಣದಲ್ಲಿ ಅಚ್ಚಾಗಿದೆ. ವಿಟ್ ಅದನ್ನು ಸ್ಲಿಮ್ ಕೈಯಲ್ಲಿ ಗಟ್ಟಿಯಾಗಿ ಓದಿಸುತ್ತಾನೆ, ಆಮೇಲೆ ಪತ್ರಿಕೆಯನ್ನು ಯಾರಿಗೂ ಕೊಡದೆ ತನ್ನ ಪೆಟ್ಟಿಗೆಗೆ ಸೇರಿಸುತ್ತಾನೆ. ಬಂದುಹೋಗುವ ಆಳೊಬ್ಬ ಇದ್ದನೆಂಬುದಕ್ಕೆ ಉಳಿದ ಗುರುತು ಅದು. ಕ್ಯಾಂಡಿಯ ಮುದಿನಾಯಿಯನ್ನು ಕೊಲ್ಲಲು ಇನ್ನೊಬ್ಬ ಆಳು ಕಾರ್ಲ್‌ಸನ್ ಒತ್ತಾಯಿಸುತ್ತಿರುವಾಗಲೇ ಇದು ನಡೆಯುತ್ತದೆ.

## ಪಾಠ ಮಾಡುವವರು, ರಂಗಕ್ಕೆ ತರುವವರು ಕೇಳುವುದು

ಲೆನ್ನಿಗೆ ಆಟಿಸಂ ಇತ್ತು ಅಂತ ಬರೆಯಬಹುದಾ?

ಬೇಡ. ಪುಸ್ತಕ ಯಾವ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ. ಹೇಳುವುದಿಷ್ಟು: ಮರೆವು, ಮೆತ್ತನೆಯದನ್ನು ಸವರುವ ಆಸೆ, ಗಾಬರಿಯಾದರೆ ಹಿಡಿತ ಬಿಡಲಾಗದಿರುವುದು, ತನ್ನ ಬಲದ ಅಳತೆ ಗೊತ್ತಿಲ್ಲದಿರುವುದು. ಇಲಿ, ನಾಯಿಮರಿ, ಕೊನೆಗೆ ಹೆಂಗಸು, ಎಲ್ಲದರಲ್ಲೂ ತಪ್ಪುವುದು ಇದೇ. 1937ರ ಸಂದರ್ಶನವೊಂದರಲ್ಲಿ ಸ್ಟೈನ್‌ಬೆಕ್, ಲೆನ್ನಿ ನಿಜವಾದ ಮನುಷ್ಯ, ಈಗ ಕ್ಯಾಲಿಫೋರ್ನಿಯದ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ ಎಂದಿದ್ದರು.

ಕೊನೆಗೆ ಲೆನ್ನಿಗೆ ಗುಂಡು ಹೊಡೆದು ಜಾರ್ಜ್ ಮಾಡಿದ್ದು ಕೊಲೆಯೋ, ದಯೆಯೋ?

ತೀರ್ಪು ಕೊಡುವ ಮುಂಚೆ ಮೂರು ವಿಷಯ ಜೋಡಿಸಿಕೊಳ್ಳಿ. ಕರ್ಲಿ ಬಂದೂಕು ಹಿಡಿದು ಹೊಟ್ಟೆಗೆ ಹೊಡೆಯಲು ಹೊರಟಿದ್ದಾನೆ. ಜೀವಂತ ಹಿಡಿದರೂ ಕಟ್ಟಿ ಕೂಡಿಹಾಕುತ್ತಾರೆ, ಅದೂ ಒಳ್ಳೆಯದಲ್ಲ ಎನ್ನುತ್ತಾನೆ ಸ್ಲಿಮ್. ಮೂರನೆಯದು ಕ್ಯಾಂಡಿಯ ನಾಯಿ: ನೋವಾಗದ ಹಾಗೆ ತಲೆಯ ಹಿಂಭಾಗಕ್ಕೆ ಹೊಡೆಯುತ್ತೇನೆ ಎಂದು ಕಾರ್ಲ್‌ಸನ್ ಕಾಲ್ಬೆರಳಿನಿಂದ ತೋರಿಸಿದ್ದ, ಪರರ ಕೈಗೆ ಬಿಡದೆ ತಾನೇ ಹೊಡೆಯಬೇಕಿತ್ತೆಂದು ಕ್ಯಾಂಡಿ ಆಮೇಲೆ ಪರಿತಪಿಸಿದ್ದ. ಜಾರ್ಜ್ ಬಳಸುವುದು ನಾಯಿಯನ್ನು ಕೊಂದ ಅದೇ ಲೂಗರ್ ಪಿಸ್ತೂಲು, ಗುರಿ ಅದೇ ಜಾಗ. ನದಿಯಾಚೆ ನೋಡಲು ಹೇಳಿ, ತೋಟದ ಕಥೆ ಹೇಳುತ್ತ ಹೊಡೆಯುತ್ತಾನೆ. ಮನುಷ್ಯನಿಗೂ ಮುದಿನಾಯಿಗೂ ಆ ಲೋಕದಲ್ಲಿ ಸಿಗುವ ದಯೆ ಒಂದೇ ಬಗೆಯದಾದದ್ದು ನಮಗೆ ಕೊಲೆಗಿಂತ ಹೆಚ್ಚು ಕಲಕುತ್ತದೆ.

ನಮ್ಮ ಚೋಮನಿಗೂ ಜಾರ್ಜನಿಗೂ ಹೋಲಿಕೆ ಮಾಡಿ ಪ್ರಬಂಧ ಬರೆಯಬಹುದಾ?

ಬರೆಯಬಹುದು, ಆದರೆ ‘ಇಬ್ಬರಿಗೂ ನೆಲದ ಕನಸಿತ್ತು, ಇಬ್ಬರೂ ಸೋತರು’ ಎಂಬಲ್ಲಿಗೆ ನಿಲ್ಲಬೇಡಿ. ಶಿವರಾಮ ಕಾರಂತರ ‘ಚೋಮನ ದುಡಿ’ಯೂ 1930ರ ದಶಕದ್ದೇ. ಚೋಮನಿಗೆ ಮಕ್ಕಳಿದ್ದಾರೆ, ಎತ್ತುಗಳಿವೆ, ಊರಿದೆ. ಕಾಫಿ ತೋಟದ ಸಾಲ ಮತ್ತು ಜಾತಿ ಅವನನ್ನು ಕಟ್ಟಿಹಾಕಿವೆ, ಬೇಸಾಯ ಮಾಡುವ ಹಕ್ಕೇ ಅವನಿಗಿಲ್ಲ. ಜಾರ್ಜನನ್ನು ಯಾರೂ ಕಟ್ಟಿಲ್ಲ, ದುಡ್ಡಿದ್ದರೆ ನೆಲ ಕೊಳ್ಳಬಹುದು, ಅವನಿಗಿಲ್ಲದ್ದು ನಿಲ್ಲುವ ಜಾಗ. ಒಬ್ಬನಿಗೆ ಬಿಡುಗಡೆಯಿಲ್ಲ, ಇನ್ನೊಬ್ಬನಿಗೆ ನೆಲೆಯಿಲ್ಲ. ಚೋಮನ ಪಕ್ಕದಲ್ಲಿಟ್ಟು ನೋಡಬೇಕಾದವನು ಬಹುಶಃ ಕ್ರುಕ್ಸ್.

ತರಗತಿಯಲ್ಲಿ ಕ್ರುಕ್ಸ್‌ಗೆ ಬಳಸುವ ಬೈಗುಳವನ್ನು ಏನು ಮಾಡುವುದು?

ಅಮೆರಿಕದ ಶಾಲೆಗಳಲ್ಲಿ ಪುಸ್ತಕಕ್ಕೆ ಮತ್ತೆ ಮತ್ತೆ ಆಕ್ಷೇಪ ಬರುವ ಕಾರಣಗಳಲ್ಲಿ ಆ ಪದವೂ ಒಂದು. ಎರಡನೆಯ ಅಧ್ಯಾಯ ಶುರುಮಾಡುವ ಮುಂಚೆಯೇ ಅದರ ಇತಿಹಾಸ ಹೇಳಿ, ಗಟ್ಟಿಯಾಗಿ ಓದುವಾಗ ಬಿಟ್ಟು ಓದಿ, ವಿದ್ಯಾರ್ಥಿಯ ಕೈಯಲ್ಲಿ ಓದಿಸಬೇಡಿ. ರಾಂಚಿನವರು ಅದನ್ನು ಸಿಟ್ಟಿಲ್ಲದೆ, ದಿನದ ಮಾತಿನಂತೆ ಬಳಸುವುದನ್ನು ಚರ್ಚೆಗೆ ತನ್ನಿ.

ಕನ್ನಡದಲ್ಲಿ ನಾಟಕ ಆಡಬೇಕು. ಅನುಮತಿ ಬೇಕಾ? ಏನೇನು ತೊಂದರೆ ಬರುತ್ತದೆ?

ಅನುಮತಿ ಬೇಕು. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ. ಸ್ಟೈನ್‌ಬೆಕ್ ತೀರಿಕೊಂಡದ್ದು 1968ರ ಡಿಸೆಂಬರ್ 20ರಂದು, ಹಾಗಾಗಿ 2028ರ ಕೊನೆಯವರೆಗೆ ಅನುವಾದಕ್ಕೂ ಪ್ರದರ್ಶನಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ಅಮೆರಿಕದ ಕನ್ನಡ ಕೂಟಗಳಲ್ಲಿ ಆಡುವವರಿಗೆ ಲೆಕ್ಕ ಬೇರೆ: ಅಲ್ಲಿ ಪ್ರಕಟಣೆಯಿಂದ 95 ವರ್ಷ, ಅಂದರೆ 2032ರ ಕೊನೆಯವರೆಗೆ.

ರಂಗದ ತೊಂದರೆಗಳು ಎರಡು. ಕ್ಯಾಂಡಿಯ ನಾಯಿ ನಿಜದ್ದಾದರೆ ಸಭಿಕರೆಲ್ಲ ಅದನ್ನೇ ನೋಡುತ್ತಾರೆ. ನಾಯಿ ಮಂಚದ ಕೆಳಗಿದೆಯೆಂದು ನಟನ ನೋಟ ಮತ್ತು ಹಗ್ಗದಿಂದಲೇ ತೋರಿಸುವುದು ಸುಲಭ. ಅದನ್ನು ಹೊರಗೆ ಕರೆದೊಯ್ದ ಮೇಲೆ ಗುಂಡಿನ ಸದ್ದಿಗಾಗಿ ಎಲ್ಲರೂ ಕಾಯುವ ಮೌನವನ್ನು ಮೊಟಕುಮಾಡಬೇಡಿ, ಯಾರೋ ಇಸ್ಪೀಟು ಕಲಸುವ ಸದ್ದು ಸಾಕು. ಎರಡನೆಯದು ಲೆನ್ನಿ. ಆಕಾರ ನೋಡಿ ನಟನನ್ನು ಆರಿಸಿ ತೊದಲು ಮಾತು ಹೇಳಿಕೊಟ್ಟರೆ ಜನ ನಗುತ್ತಾರೆ, ಆಮೇಲೆ ಐದನೆಯ ದೃಶ್ಯದಲ್ಲಿ ಆ ನಗು ನಿಲ್ಲಿಸಲಾಗುವುದಿಲ್ಲ. ಮಾತು ಸಹಜವಾಗಿರಲಿ, ಕೈಗಳಿಗೆ ಅಭ್ಯಾಸ ಕೊಡಿ.